ಸೂರ್ ಬಂದರಿನಲ್ಲಿ ಕೇಳಿದ ಕರೆ

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗುವವನು. ನಮ್ಮ ಧಾರವಾಡದ ಮನೆಯಲ್ಲಿ ದೇವರ ಪೂಜೆ ಇತ್ತು, ದೆವ್ವದ ಮಾತು ಇರಲಿಲ್ಲ. ಮುಂದೆ ಮಸ್ಕತ್ತಿಗೆ ಬಂದು ಘಾಲಾದಲ್ಲಿ ಏರ್‌ಕಂಡೀಷನ್ ಯಂತ್ರಗಳ ಕೆಲಸಕ್ಕೆ ಸೇರಿದೆ. ಎಲ್ಲಿಂದಲೋ ಸದ್ದು ಬಂದರೆ ಅದಕ್ಕೊಂದು ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು. ಕಾರಣ ಸಿಗದ ಸದ್ದು ನನ್ನ ಆಯುಷ್ಯದಲ್ಲಿ ಒಂದೇ ಒಂದು. ಅದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ನನ್ನ ಮಾವ, ಅಂದರೆ ಹೆಂಡತಿ ಸುಮಾಳ ಅಪ್ಪ, ಮಸ್ಕತ್ತಿನ ಪಕ್ಕದ ಸೀಬ್‌ನ ನಮ್ಮ ಮನೆಗೆ ಬಂದಿದ್ದರು. ಹೊನ್ನಾವರದವರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮಾತು ಕಡಿಮೆ, ಕಿವಿಯೂ ಮಂದ. ಶ್ರವಣಯಂತ್ರ ಇಲ್ಲದಿದ್ದರೆ ಪಕ್ಕದಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. ಮಸೀದಿ ನೋಡೋಣ, ಕೋಟೆ ನೋಡೋಣ ಎಂದು ನಾವು ಕರೆದರೆ ಒಲ್ಲೆ ಎಂದವರು, ಒಂದು ದಿನ ತಾವಾಗಿಯೇ ಕೇಳಿದರು: "ಸೂರ್ ಅಂತ ಒಂದು ಬಂದರ ಉಂಟಲ್ಲ, ಇಲ್ಲಿಂದ ದೂರವಾ?"

ಕಾರಣ ಸುಮಾ ಹೇಳಿದಳು. ಮಾವನ ಅಪ್ಪ ಮಂಜಿಯಲ್ಲಿ ಹೋಗುತ್ತಿದ್ದವರು. ಮಂಜಿ ಎಂದರೆ ಹಾಯಿ ಕಟ್ಟಿ ಹೆಂಚು, ಮರ ಸಾಗಿಸುವ ನಮ್ಮ ಕರಾವಳಿಯ ಹಡಗು. ಮಾವ ಇನ್ನೂ ಶಾಲೆಗೆ ಹೋಗದ ಮಗುವಾಗಿದ್ದಾಗ ಒಂದು ಮಳೆಗಾಲ ಮುಗಿದ ಮೇಲೆ ಅವರು ಹೊರಟರು, ತಿರುಗಿ ಬರಲಿಲ್ಲ. ಆ ಮಂಜಿ ಸೂರ್‌ನ ಅಳಿವೆಯಲ್ಲಿ ಲಂಗರು ಹಾಕಿದ್ದನ್ನು ಕಂಡವರಿದ್ದರು. ಅಲ್ಲಿಂದ ಮುಂದಿನದು ಯಾರಿಗೂ ಗೊತ್ತಿಲ್ಲ.

ಮಗಳ ಪರೀಕ್ಷೆ ಇದ್ದುದರಿಂದ ಸುಮಾ ಮನೆಯಲ್ಲೇ ಉಳಿದಳು. ಶುಕ್ರವಾರ ನಾವಿಬ್ಬರೇ ಹೊರಟೆವು.

ಸೂರ್ ನನಗೆ ಮೊದಲಿನಿಂದ ಇಷ್ಟವಾದ ಊರು. ಒಂದು ಕಾಲಕ್ಕೆ ಇಲ್ಲಿಯ ಹಡಗುಗಳು ಖರ್ಜೂರ ತುಂಬಿಕೊಂಡು ನಮ್ಮ ದಂಡೆಗೂ ಆಫ್ರಿಕಕ್ಕೂ ಹೋಗುತ್ತಿದ್ದವು. ಹಡಗು ಕಟ್ಟುವ ತೇಗ ನಮ್ಮ ಕಡೆಯಿಂದಲೇ ಬರುತ್ತಿತ್ತು. ಉಗಿಹಡಗು ಬಂದ ಮೇಲೆ ಊರಿನ ಭಾಗ್ಯ ಇಳಿಯಿತು. ಈಗಲೂ ದಂಡೆಯ ಅಂಗಳದಲ್ಲಿ ಅರ್ಧ ಕಟ್ಟಿದ ಒಂದೋ ಎರಡೋ ಹಡಗು ಪಕ್ಕೆಲುಬು ತೋರಿಸಿಕೊಂಡು ನಿಂತಿರುತ್ತವೆ. ತೂಗುಸೇತುವೆ ದಾಟಿದರೆ ಅಯ್ಜಾ ಎಂಬ ಹಳೆಯ ಕೇರಿ: ಬಿಳಿ ಮನೆಗಳು, ಹೂಬಳ್ಳಿ ಕೆತ್ತಿದ ಬಾಗಿಲುಗಳು, ಗುಡ್ಡದ ಮೇಲೆ ಕಾವಲುಗೋಪುರ, ತುದಿಯಲ್ಲಿ ದೀಪಸ್ತಂಭ. ಮಾವ ಒಂದು ಬಾಗಿಲಿನ ಹಲಗೆಯ ಮೇಲೆ ಕೈಯಾಡಿಸಿ, "ನಮ್ಮ ಕಡೆ ಮರವೇ" ಎಂದರು.

ಊಟ ಮುಗಿಸಿ ದೀಪಸ್ತಂಭದ ಕೆಳಗೆ, ನೀರಿನ ಅಂಚಿಗೆ ಹೋಗಿ ನಿಂತೆವು. ಬಿಸಿಲು ಇನ್ನೂ ಚುರುಕಾಗಿತ್ತು. ಭರತ ಏರಿ ಅಳಿವೆ ತುಂಬಿತ್ತು. ಗಾಳಿಗೆ ಕಿವಿಯೊಳಗೆ ಭೋರೆನ್ನುತ್ತದೆ ಎಂದು ಮಾವ ಶ್ರವಣಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಕೈಕಟ್ಟಿಕೊಂಡು ಅಳಿವೆಯ ಬಾಯಿಯನ್ನೇ ನೋಡುತ್ತಾ ನಿಂತುಬಿಟ್ಟರು. ನಾನು ಸ್ವಲ್ಪ ಹಿಂದೆ ಕಲ್ಲಿನ ಮೇಲೆ ಕುಳಿತೆ.

ಆಗ ಯಾರೋ ಕೂಗಿದರು: "ಶೆಟ್ಲೀ..."

ಹೊನ್ನಾವರದ ಕಡೆ ಸಿಗಡಿಗೆ ಶೆಟ್ಲಿ ಎನ್ನುತ್ತಾರೆ. ಮದುವೆಯಾದ ಮೇಲೆ ಕಲಿತ ಶಬ್ದ. ಅರೆ, ಇಲ್ಲಿ ನಮ್ಮ ಕರಾವಳಿಯವರು ಯಾರೋ ಮೀನು ಮಾರುತ್ತಿದ್ದಾರಲ್ಲ ಎಂದು ಖುಷಿಯಾಯಿತು. ಎದ್ದು ಸುತ್ತ ನೋಡಿದೆ. ದಂಡೆ ಖಾಲಿ. ಮತ್ತೊಮ್ಮೆ ಕೇಳಿತು, ಈ ಸಲ ನೀರಿನ ಕಡೆಯಿಂದ, ಗಂಡು ದನಿ, ಸ್ವಲ್ಪ ಎಳೆದು. ನೀರಿನ ಮೇಲೆ ಒಂದು ದೋಣಿಯೂ ಇರಲಿಲ್ಲ. ಆಚೆ ದಡದಿಂದ ಗಾಳಿ ಹೊತ್ತು ತಂದಿರಬೇಕು ಎಂದುಕೊಂಡು ಸುಮ್ಮನಾದೆ. ನನಗೆ ಹೆದರಿಕೆಯೇನೂ ಆಗಲಿಲ್ಲ. ಮಾವ ಅಲ್ಲಾಡದೆ ಅಲ್ಲೇ ನಿಂತಿದ್ದರು.

ವಾಪಸ್ ಹೊರಟು ಊರಿನಾಚೆ ಬಂದಾಗ, ಅವರು ಯಂತ್ರ ಮತ್ತೆ ಕಿವಿಗೆ ಸಿಕ್ಕಿಸಿಕೊಂಡದ್ದು ನೋಡಿ, ತಮಾಷೆಗೆ ಹೇಳಿದೆ: "ಮಾವಾ, ನಿಮ್ಮ ಕಡೆಯವರು ಇಲ್ಲೂ ಇದ್ದಾರ್ರೀ. ಯಾರೋ ಶೆಟ್ಲೀ, ಶೆಟ್ಲೀ ಅಂತ ಕೂಗ್ತಿದ್ರು."

ಅವರು ನನ್ನ ಕಡೆ ತಿರುಗಿದರು. "ಎಂತ ಕೂಗಿದ್ರು ಅಂದ್ರಿ?"

ಇನ್ನೊಮ್ಮೆ ಹೇಳಿದೆ.

"ಗಾಡಿ ನಿಲ್ಸಿ" ಎಂದರು.

ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಮುಂದಿನ ಗಾಜನ್ನೇ ನೋಡುತ್ತಾ ಮಾತಾಡಿದರು. "ನಾನು ತಿಂಗಳು ತುಂಬೋ ಮೊದಲೇ ಹುಟ್ಟಿದವ. ಅಂಗೈಯಷ್ಟೇ ಇದ್ದೆ ಅಂತೆ. ಅಪ್ಪ ನನ್ನ ಹೆಸರು ಹಿಡಿದು ಕರೀತಿರಲಿಲ್ಲ. ಶೆಟ್ಲಿ ಅಂತಲೇ ಕರೀತಿದ್ದ. ಅವ ಬರಲಿಲ್ಲ ಅಂತಾದ ಮೇಲೆ ಆಯಿ ಆ ಹೆಸರು ಯಾರೂ ಎತ್ತಬಾರದು ಅಂದ್ಳು. ಸುಮಾಗೂ ಗೊತ್ತಿಲ್ಲ."

ನಾನು ಗಾಡಿ ತಿರುಗಿಸಿದೆ.

ನಾವು ಮುಟ್ಟುವಾಗ ನೀರು ಇಳಿಯತೊಡಗಿತ್ತು. ಮಾವ ಅದೇ ಜಾಗಕ್ಕೆ ಹೋಗಿ ನಿಂತರು. ಶ್ರವಣಯಂತ್ರದ ದನಿ ಪೂರ್ತಿ ಏರಿಸಿದ್ದರು. ಅದು ಕುಂಯ್‌ಗುಟ್ಟುವುದು ನನಗೂ ಕೇಳುತ್ತಿತ್ತು. ಗಾಳಿ ಬಡಿದಾಗಲೆಲ್ಲ ಮುಖ ಕಿವುಚಿಕೊಳ್ಳುತ್ತಿದ್ದರು, ತೆಗೆಯಲಿಲ್ಲ. ನಾನು ಹತ್ತಿರದ ಚಹಾದಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಮಲಯಾಳಿ. ಇಲ್ಲಿ ನಿಮ್ಮ ಭಾಷೆಯವರು ಯಾರೂ ಇಲ್ಲ, ಮಧ್ಯಾಹ್ನದ ಮೇಲೆ ಮೀನು ಮಾರುವವರೂ ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

ಹೊತ್ತು ಮುಳುಗಿತು. ಮಸೀದಿಯಿಂದ ಬಾಂಗ್ ಕೇಳಿ, ನಿಂತಿತು. ಮತ್ತೇನೂ ಕೇಳಲಿಲ್ಲ, ಅವರಿಗೂ ಇಲ್ಲ, ನನಗೂ ಇಲ್ಲ.

"ದನಿ ಹ್ಯಾಂಗಿತ್ತು?" ಎಂದು ಮಾವ ಕೇಳಿದರು. "ಸಿಟ್ಟಿತ್ತಾ?"

"ಇಲ್ರೀ. ಮಕ್ಕಳನ್ನ ಊಟಕ್ಕ ಕರದಂಗಿತ್ತು."

"ಒಂದ್ಸಲ ಹಾಂಗೇ ಕರೀರಿ ನೋಡ್ವಾ."

ನಾಚಿಕೆಯಾಯಿತು. ಆದರೂ ಕೇಳಿದಂತೆಯೇ, ಕೊನೆಯ ಅಕ್ಷರ ಎಳೆದು ಕರೆದೆ. ಅವರು ತಲೆ ಬಾಗಿಸಿ ಆಲಿಸಿದರು. ಅವರ ಮುಖದಲ್ಲಿ ಗುರುತು ಹತ್ತೀತೆಂದು ಕಾದೆ.

"ಹೌದೋ ಅಲ್ಲವೋ ಗೊತ್ತಾಗೂದಿಲ್ಲ" ಎಂದರು. "ಅಪ್ಪನ ದನಿ ನನಗೆ ನೆನಪೇ ಇಲ್ಲ."

ಆಮೇಲೆ ಹೊರಡಲೆಂದು ತಿರುಗಿದವರು ಅರೆಕ್ಷಣ ನಿಂತು, ನೀರಿನ ಕಡೆ ಮುಖ ಮಾಡಿ, ಒಳಗಿನ ಕೋಣೆಯಿಂದ ಮಗು ಓಗೊಡುವಂತೆ ಮೆಲ್ಲಗೆ "ಓ" ಎಂದರು. ನನಗೆ ಕೇಳಿಸಲಿ ಎಂದು ಅಂದದ್ದಲ್ಲ. ನಾನು ಕೇಳದವನಂತೆ ಕಾರಿನ ಕಡೆ ನಡೆದೆ.

ಮಾವ ಈಗಿಲ್ಲ. ಊರಿಗೆ ಹೋದ ಮೇಲೆ ಅವರು ಆ ವಿಷಯ ಮತ್ತೆ ತೆಗೆಯಲಿಲ್ಲ, ಫೋನಿನಲ್ಲಿ ಮಾತ್ರ ಒಮ್ಮೊಮ್ಮೆ, "ಸೂರ್ ಕಡೆ ಹೋಗಿದ್ರಾ?" ಎಂದು ಕೇಳುತ್ತಿದ್ದರು. ಅವರು ಹೋದ ಮೇಲೂ ನಾನು ಹೋಗಿದ್ದೇನೆ, ಅದೇ ಕಲ್ಲಿನ ಮೇಲೆ ಕುಳಿತಿದ್ದೇನೆ. ಆ ಹೆಸರನ್ನು ನಾನು ಮೊದಲೇ ಎಲ್ಲೋ ಕೇಳಿದ್ದಿರಬಹುದು ಎಂದು ಸುಮಾ ಹೇಳುತ್ತಾಳೆ. ಕೇಳಿಲ್ಲವೆಂದು ಆಣೆಯಿಡಬಲ್ಲೆ; ಆದರೆ ಆಣೆಯೇನೂ ಕಾರಣವಲ್ಲ. ಅದು ಗಾಳಿಯೋ, ದಾರಿ ತಪ್ಪಿದ ಯಾವುದೋ ಸದ್ದೋ, ನನಗೆ ತಿಳಿಯದು. ನಿಜವಾಗಿ ಕರೆಯೇ ಆಗಿದ್ದರೆ, ಅದಕ್ಕಾಗಿ ಬಾಳೆಲ್ಲ ಕಾದವರು ಎದುರಿಗೇ ನಿಂತಿದ್ದರು. ಅವರನ್ನು ಬಿಟ್ಟು, ಸಿಗಡಿ ಮಾರುವವರೆಂದುಕೊಂಡ ನನಗೇಕೆ ಕೇಳಿಸಬೇಕಿತ್ತು?