ನಾನು ತಿದ್ದಿದ ಮಾತು

ಮೇಡಂ, ನನ್ನ ತಮ್ಮ ನಿಮಗೆ ಹೇಳಿದ ಒಂದು ಮಾತನ್ನು ನಾನು ಬೇಕೆಂದೇ ಬದಲಿಸಿ ಹೇಳಿದೆ. ಅವನು ಸಾಯುವ ಮಾತಾಡಿದ್ದ. ಕುಡಿತ ಬಿಡುವ ಮಾತಾಡಿದ ಎಂದು ನಾನು ನಿಮಗೆ ಒಪ್ಪಿಸಿದೆ. ಇದಾಗಿ ಎರಡು ವರ್ಷ. ಅಂದಿನಿಂದ ಹೆದರಿಕೊಂಡೇ ಬದುಕಿದ್ದೇನೆ — ಅವನ ಜೀವಕ್ಕೂ ಹೆದರಿದೆ, ಈ ಸುಳ್ಳು ಹೊರಗೆ ಬಂದೀತು ಎಂದೂ ಹೆದರಿದೆ. ಯಾವುದಕ್ಕೆ ಹೆಚ್ಚು ಎಂದು ಮಾತ್ರ ಕೇಳಬೇಡಿ... ಅಲ್ಲ, ಕೇಳಿ. ಕೇಳಬೇಕಾದದ್ದೇ.

ಮೊನ್ನೆ ನೀವು ಫೋನು ಮಾಡಿ, "ಟೀಚರ್, ಭಾನುವಾರ ಬೇರೆ ಮನೆಯವರೆಲ್ಲ ಆನ್‌ಲೈನಿನಲ್ಲಿ ಸೇರ್ತಾರೆ. ಕುಡಿತ ಬಿಡುವವರ ಜೊತೆ ಮನೆಯವರು ಹೇಗೆ ನಿಲ್ಲಬೇಕು ಅಂತ ನೀವೇ ನಾಲ್ಕು ಮಾತು ಹೇಳಬೇಕು" ಎಂದಿರಿ. ನಾನು ಹೂಂ ಅಂದೆ. ಆಯಸ್ಸೆಲ್ಲ ಮಕ್ಕಳಿಗೆ ಪಾಠ ಹೇಳಿದವಳಿಗೆ ನಾಲ್ಕು ಮಾತು ಯಾವ ಲೆಕ್ಕ? ಬರೆಯಲು ಕೂತೆ. "ನಾನು ನನ್ನ ತಮ್ಮನ ಪಕ್ಕದಲ್ಲೇ ಕೂತಿದ್ದೆ" ಎಂದು ಶುರು ಮಾಡಿದೆ. ಮುಂದಕ್ಕೆ ಕೈ ಓಡಲಿಲ್ಲ. ಆ ಭಾಷಣದ ಬದಲು ಇದನ್ನು ಕಳಿಸುತ್ತಿದ್ದೇನೆ.

ನಿಮಗೆ ಫೋನಿನಲ್ಲಿ ಕಂಡದ್ದು ಮಾದೇವನ ಮುಖ, ನನ್ನ ಅರ್ಧ ಭುಜ. ಕಾಣದೆ ಉಳಿದದ್ದನ್ನು ಹೇಳುತ್ತೇನೆ.

ಮಾದೇವ ಕೆ.ಆರ್.ಎಸ್. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ದೋಸೆ ಹಾಕುವವನು. ಕುಡಿತ ಹೆಚ್ಚಾಗಿ, ಅವನ ಹೆಂಡತಿ ಮಗಳನ್ನು ಕರೆದುಕೊಂಡು ನಾಗಮಂಗಲದ ತವರಿಗೆ ಹೋಗಿ ಕೂತಳು. ಅವನು ಬೆಳಗೊಳಕ್ಕೆ, ನನ್ನ ಮನೆಗೆ ಬಂದ. ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ಬಸ್ಸಿನಲ್ಲೇ ಇಬ್ಬರು ನೆಂಟರು ಸಿಗುತ್ತಾರೆ, ಮೂರನೆಯವರಿಗೆ ಸುದ್ದಿ ಮುಟ್ಟಿಸುತ್ತಾರೆ. ಫೋನಿನಲ್ಲೇ ಆಪ್ತಸಲಹೆ ಕೊಡುತ್ತೀರಿ ಎಂದು ಗೊತ್ತಾದಾಗ ನನಗಾದ ಸಂತೋಷ ಅವನಿಗೆ ಸಹಾಯ ಸಿಗುತ್ತದೆಂದಲ್ಲ, ಯಾರಿಗೂ ಗೊತ್ತಾಗುವುದಿಲ್ಲವೆಂದು.

ಪ್ರತಿ ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಅವನನ್ನು ಕೂರಿಸುತ್ತಿದ್ದೆ. ನೀವು ಕರಾವಳಿಯವರು, ನಿಮ್ಮ ಕನ್ನಡ ಅಚ್ಚುಕಟ್ಟು. ನಮ್ಮವನದು ಅಪ್ಪಟ ಇಲ್ಲಿನ ಮಾತು. ಸಾಲದ್ದಕ್ಕೆ ನೆಟ್‌ವರ್ಕು ಮಧ್ಯೆ ಮಧ್ಯೆ ನುಂಗುತ್ತಿತ್ತು. "ಏನು ಹೇಳಿದ್ರು ಟೀಚರ್?" ಎಂದು ನೀವು ಕೇಳಿದಾಗಲೆಲ್ಲ ನಾನು ಅವನ ಮಾತನ್ನು ತಿದ್ದಿ ತೀಡಿ ಒಪ್ಪಿಸುತ್ತಿದ್ದೆ. ಶಾಲೆಯಲ್ಲಿ ಎಷ್ಟು ಮಕ್ಕಳ ಬಾಯಲ್ಲಿ "ಬುಡು"ವನ್ನು "ಬಿಡು" ಮಾಡಿಸಿದ್ದೇನೋ. ಆ ಕೆಲಸ ನನಗೆ ಅಭ್ಯಾಸ. ಹೆಮ್ಮೆ ಬೇರೆ.

ಆ ಭಾನುವಾರ ನೀವು, "ಮನಸ್ಸಿನಲ್ಲಿ ಏನಿದೆಯೋ ಹೇಳಿ ಮಾದೇವ, ಅವಸರ ಇಲ್ಲ" ಎಂದಿರಿ. ಅವನು ತಲೆ ಎತ್ತದೆ ಹೇಳಿದ:

"ಸಾಕಾಗೋಯ್ತು ಮೇಡಂ. ಎಲ್ಲಾನೂವೆ ಬುಟ್ಬುಡ್ತೀನಿ. ನಾನೊಬ್ಬ ಇಲ್ದಂಗಾದ್ರೆ ಎಲ್ರೂ ನೆಮ್ದಿಯಾಗಿರ್ತಾರೆ."

ನಿಮ್ಮ ಮುಖ ಪರದೆಯ ಮೇಲೆ ನಿಂತುಹೋಗಿತ್ತು. ಮತ್ತೆ ಅಲುಗಾಡಿದಾಗ ಕೇಳಿದಿರಿ: "ಏನೋ ಬುಟ್... ಅಂತ ಕೇಳಿಸ್ತು. ಏನು ಹೇಳಿದ್ರು ಟೀಚರ್?"

ನನಗೆ ಅರ್ಥವಾಗಿತ್ತು ಮೇಡಂ. ಒಂದಕ್ಷರವೂ ತಪ್ಪದೆ ಅರ್ಥವಾಗಿತ್ತು. ಆದರೂ ಲೆಕ್ಕ ಹಾಕಿದೆ — ನಿಜ ಹೇಳಿದರೆ ನೀವು ಕೂಡಲೇ ಆಸ್ಪತ್ರೆಗೆ ಸೇರಿಸಿ ಎನ್ನುತ್ತೀರಿ, ಊರಿಗೆಲ್ಲ ಗೊತ್ತಾಗುತ್ತದೆ. ಮುಂದಿನ ವಾರವೇ ನಾಗಮಂಗಲದ ಬೀಗರು ಮಾತುಕತೆಗೆ ಬರುವವರಿದ್ದರು. ಇಂಥವನ ಮನೆಗೆ ಹೆಣ್ಣನ್ನು ಮತ್ತೆ ಕಳಿಸುತ್ತಾರೆಯೇ...

"ಕುಡಿಯೋದನ್ನ ಬಿಟ್ಟುಬಿಡ್ತಾನಂತೆ ಮೇಡಂ" ಅಂದೆ.

ನೀವು ಅಂಗೈ ಜೋಡಿಸಿ ನಕ್ಕಿರಿ. "ಎಷ್ಟು ಒಳ್ಳೆಯ ಮಾತು ಮಾದೇವ!" ಎಂದಿರಿ. ಅವನು ನಿಮ್ಮನ್ನು ನೋಡಲಿಲ್ಲ. ನನ್ನನ್ನು ನೋಡಿದ. ನಾನು ರಾಗಿಹಿಟ್ಟಿನ ಡಬ್ಬ ನೋಡಿದೆ. ಕರೆ ಮುಗಿದ ಮೇಲೆ ಅವನು ಎದ್ದು, "ನೀನಂದಂಗೇ ಆಗ್ಲಿ ಬುಡಕ್ಕ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಶ್ಚರ್ಯ ನೋಡಿ, ಅವನು ನಿಜಕ್ಕೂ ಕುಡಿತ ಬಿಟ್ಟ. ಬೀಗರು ಬಂದರು, ಮಾತಾಡಿದರು, ಹೋದರು. ಹೆಂಡತಿ ಬರಲಿಲ್ಲ. ಯಾರ ಸಲುವಾಗಿ ಸುಳ್ಳು ಹೇಳಿದೆನೋ ಅವರು ನನ್ನ ಮನೆಯ ಕಾಫಿ ಕುಡಿದು, ನೋಡೋಣ ಎಂದು ಎದ್ದು ಹೋದರು. ಅದಾದ ಮೇಲೂ ನಿಮಗೆ ಹೇಳಬಹುದಿತ್ತು. ಹೇಳಲಿಲ್ಲ.

ನಿಮ್ಮ ಮುಂದೆ ಕೂತಾಗಲೆಲ್ಲ ಅವನು ಆಮೇಲೆ ಹೇಳಿದ್ದು ಒಂದೇ, "ಪರ್ವಾಗಿಲ್ಲ ಮೇಡಂ." ಚೇತರಿಸಿಕೊಳ್ಳುತ್ತಿದ್ದಾನೆ ಎಂದು ನೀವು ತಿಳಿದಿರಿ. ಇನ್ನು ಹೇಳಿ ಏನು ಪ್ರಯೋಜನ ಎಂದು ಅವನು ಬಾಯಿ ಮುಚ್ಚಿಕೊಂಡಿದ್ದಾನೆ ಎಂಬುದು ನನಗೆ ಗೊತ್ತಿತ್ತು.

ಕಾವಲು ಕಾದೆ. ಗೆದ್ದಲು ಹಿಡಿದಿದೆ ಎಂದು ನೆಪ ಹೇಳಿ ಬಚ್ಚಲ ಬಾಗಿಲಿನ ಚಿಲಕ ಕೀಳಿಸಿದೆ. ನಾಲೆಗೆ ನೀರು ಬಿಟ್ಟರೆಂದು ಊರವರು ಸಂಭ್ರಮಪಟ್ಟರೆ ನನಗೆ ಊಟ ಸೇರುತ್ತಿರಲಿಲ್ಲ. ಅವನು ಬರುವುದು ಸ್ವಲ್ಪ ತಡವಾದರೂ ಹೋಟೆಲಿಗೆ ಫೋನು ಮಾಡಿ, ಮಾದೇವನ ಕೈಯಲ್ಲಿ ಬೋಂಡ ಕಟ್ಟಿಕಳಿಸಿ ಎನ್ನುತ್ತಿದ್ದೆ. ಫೋನಿನ ಹಿನ್ನೆಲೆಯಲ್ಲಿ ಅವನ ದನಿ ಕೇಳಿದರೆ ಸಾಕಿತ್ತು. ಟೀಚರಿಗೆ ಬೋಂಡದ ಹುಚ್ಚು ಎಂದು ಹೋಟೆಲಿನವರು ಇವತ್ತಿಗೂ ನಗುತ್ತಾರೆ. ಅವನು ತಂದದ್ದನ್ನು ಅವನೆದುರಿಗೇ ತಿನ್ನುತ್ತಿದ್ದೆ. ಎಲ್ಲ ಮಾಡಿದೆ, ಒಂದು ಮಾತು ಕೇಳುವುದನ್ನು ಬಿಟ್ಟು. ಕೇಳಿದರೆ ಅವನು ಉತ್ತರ ಹೇಳಿಬಿಟ್ಟಾನು ಎಂಬ ಭಯ.

ಇವತ್ತು ಬೆಳಿಗ್ಗೆ ಕೇಳಿದೆ. ಹಿತ್ತಿಲ ಕಟ್ಟೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದ.

"ಮಾದೇವ, ಅವತ್ತು ಮೇಡಂ ಹತ್ರ ಎಲ್ಲಾ ಬುಟ್ಬುಡ್ತೀನಿ ಅಂದ್ಯಲ್ಲ... ಸಾಯ್ತೀನಿ ಅಂತಾನೇ ಅಂದಿದ್ದಾ?"

ನನ್ನ ಬಾಯಲ್ಲೂ ಬುಡು ಎಂದೇ ಬಂತು. ಅವನು ಕತ್ತಿ ಕೆಳಗಿಟ್ಟ.

"ಊಂ."

"ಈಗ್ಲೂವಾ?"

"ಕುಡಿಯೋದ್ ಬುಟ್ಟೆ ಕಣಕ್ಕ. ಅದು ನನ್ನ ಬುಟ್ಟಿಲ್ಲ. ಒಂದೊಂದ್ ದಿನ ಬತ್ತದೆ."

ನಾನು ಅತ್ತೆ. ಅವನು ಅಳಲಿಲ್ಲ, ಕಟ್ಟೆಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟ. ಪಕ್ಕದಲ್ಲಿ ಕೂತೆ. ಎರಡು ವರ್ಷದ ಮೇಲೆ, ನಿಜವಾಗಿ. ತಪ್ಪು ಮಾಡಿದೆ ಕಣೋ ಅಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಅನ್ನದೇ ಇದ್ದದ್ದೇ ಸರಿ.

"ಮೇಡಂಗೆ ಹೇಳೋಣ್ವಾ?" ಅಂದೆ.

ಅವನು ನನ್ನ ಮುಖವನ್ನೇ ನೋಡುತ್ತಾ ಕೇಳಿದ: "ನಾನ್ ಯೇಳ್ಲಾ? ಇಲ್ಲ ನೀನೇ ಯೇಳ್ತೀಯಾ?"

ಆ ಪ್ರಶ್ನೆ ಕೇಳುವ ಹಕ್ಕು ಅವನಿಗಿದೆ.

ಭಾನುವಾರದವರೆಗೆ ಕಾಯಬೇಡಿ ಮೇಡಂ. ಇದನ್ನು ಓದಿದ ಕೂಡಲೇ ಕರೆ ಮಾಡಿ. ಹೋಟೆಲಿಗೆ ರಜೆ ಹೇಳಿದ್ದಾನೆ, ನಾನೂ ಅವನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನೀವು ಆಸ್ಪತ್ರೆ ಎಂದರೆ ಹಗಲಲ್ಲೇ, ತುಂಬಿದ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತೇನೆ. ನೆಂಟರು ಸಿಕ್ಕಿ ಎಲ್ಲಿಗೆ ಎಂದರೆ, ಎಲ್ಲಿಗೆ ಎಂದು ಹೇಳುತ್ತೇನೆ.

ಫೋನು ಅವನ ಕೈಯಲ್ಲಿರುತ್ತದೆ. ನಾನು ಅಡುಗೆಮನೆಯ ಬಾಗಿಲ ಹೊರಗೆ ಕೂತಿರುತ್ತೇನೆ. ಮಾತು ಮಧ್ಯೆ ತುಂಡಾದರೆ, ಅವನು ಏನಂದ ಎಂದು ಅವನನ್ನೇ ಇನ್ನೊಂದು ಸಲ ಕೇಳಿ.