ಅಪ್ಪನ ಮೂಗು, ಅಜ್ಜಿಯ ದಿಂಬು

ಆ ದಿನಗಳಲ್ಲಿ ಬೊಂಬಾಯಿ ಹೊರವಲಯದ ಡೊಂಬಿವ್ಲಿಯ ನಮ್ಮಂಥ ಮನೆಗಳ ಮಕ್ಕಳಿಗೆ ಲೋಕಲ್ ಟ್ರೇನೇ ದೊಡ್ಡ ಆಟದ ಸಾಮಾನು. ಅಪ್ಪನ ವಾರದ ರಜೆಯಲ್ಲಿ ಠಾಣೆಗೆ ಹೋಗಿ ಮರಳುವಾಗ ಅಪ್ಪನೂ ನಾನೂ ಕಣ್ಣು ಮುಚ್ಚಿ ಕೂರುತ್ತಿದ್ದೆವು. ಬರೀ ವಾಸನೆಯ ಮೇಲೆ ಊರು ಹೇಳಬೇಕು, ಅದೇ ಆಟ. ಕೆಸರೂ ಉಪ್ಪೂ ಕಲಸಿದ ಗಾಳಿ ಬಂದರೆ ಮುಂಬ್ರಾದ ಖಾಡಿ, ಸಮುದ್ರ ಒಳನುಗ್ಗುವ ಹಿನ್ನೀರು. ವಡಾಪಾವ್ ಕರಿದ ಎಣ್ಣೆಯ ವಾಸನೆ ಬಂದರೆ ನಮ್ಮ ಸ್ಟೇಷನ್. ಅಪ್ಪ ಒಮ್ಮೆಯೂ ತಪ್ಪಲಿಲ್ಲ. ನನಗೆ ಒಂದೂ ತಿಳಿಯುತ್ತಿರಲಿಲ್ಲ, ಏಕೆಂದರೆ ನನ್ನ ಮೂಗು ಹನ್ನೆರಡು ತಿಂಗಳೂ ಕಟ್ಟಿಯೇ ಇರುತ್ತಿತ್ತು. ಸೋಲಬಾರದೆಂದು ರೆಪ್ಪೆಯ ಸಂದಿಯಿಂದ ಬೋರ್ಡು ನೋಡಿ ಹೇಳುತ್ತಿದ್ದೆ. ಈ ಹುಡುಗಿಯ ಮೂಗು ಯಾಕೆ ಸದಾ ಕಟ್ಟಿರುತ್ತದೆ ಎಂದು ಮಾತ್ರ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಇನ್ನೂ ಒಂದು ಗಂಟೆ ಬೇಕು ಎನ್ನುತ್ತಿದ್ದ. ಒಡೆಯಲಿರುವ ಹಾಲನ್ನು ಒಲೆಗಿಡುವ ಮೊದಲೇ ಗುರುತಿಸುತ್ತಿದ್ದ. ಆ ಮೂಗಿನ ಮೇಲೆ ಹೋಟೆಲ್ ಮಾಲೀಕರಿಗೂ ನಂಬಿಕೆ, ನಮಗೂ ನಂಬಿಕೆ. ಎಲ್ಲರಿಗಿಂತ ಹೆಚ್ಚು ಅಪ್ಪನಿಗೇ ನಂಬಿಕೆ.

ನಾನು ನಾಲ್ಕನೇ ಕ್ಲಾಸಿಗೆ ಕಾಲಿಡುವ ಬೇಸಿಗೆಯಲ್ಲಿ ನಮ್ಮೂರು ಕಾಪುವಿನಲ್ಲಿ ಅಜ್ಜಿ, ಅಪ್ಪನ ಅಮ್ಮ, ತೀರಿಹೋದಳು. ಹದಿಮೂರನೇ ದಿನ ಮುಗಿಸಿ ಬರುವಾಗ ಅಪ್ಪ ಅವಳ ತಲೆದಿಂಬು ತಂದ. ಬೂರುಗದ ಹತ್ತಿಯನ್ನು ಅವಳೇ ಬಿಡಿಸಿ, ಹಳೇ ಸೀರೆಯಲ್ಲಿ ತುಂಬಿ ಹೊಲಿದದ್ದು. ಅದು ನನಗೆ ಬಂತು. ಮುಖವಿಟ್ಟರೆ ಅರ್ಧ ಮುಳುಗುವಷ್ಟು ಮೆತ್ತಗಿತ್ತು. ಅಪ್ಪನೂ ಆಗಾಗ ಅದನ್ನು ಎತ್ತಿಕೊಂಡು ಕೂರುತ್ತಿದ್ದ.

ಮಳೆ ಹಿಡಿಯಿತು. ನನ್ನ ಎದೆಯಲ್ಲಿ ಸಿಳ್ಳೆ ಶುರುವಾಯಿತು.

"ಇವಳ ಎದೆಯಲ್ಲಿ ಎಂತದೋ ಕೂಗ್ತಾ ಉಂಟು, ಒಮ್ಮೆ ಕೇಳಿ," ಎಂದಳು ಅಮ್ಮ.

ಅಪ್ಪ ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿದ. "ಎಂತದೋ ಒಂದು ವಾಸನೆ ಆಗುದಿಲ್ಲ ಇವಳಿಗೆ. ಅದು ಯಾವುದು ಅಂತ ನಾನು ಹಿಡೀತೇನೆ."

ಹಿಡಿಯಲು ಹೊರಟ ಅಪ್ಪ ಮೊದಲು ಅಗರಬತ್ತಿ ನಿಲ್ಲಿಸಿದ. ನಮ್ಮ ದೇವರು ಆ ಮಳೆಗಾಲವಿಡೀ ಬರೀ ದೀಪದಲ್ಲೇ ತೃಪ್ತಿಪಟ್ಟುಕೊಂಡರು. ಮತ್ತೆ ಫಿನಾಯಿಲ್ ಹೋಯಿತು. ಒಗ್ಗರಣೆ ನಾನು ಶಾಲೆಗೆ ಹೋದ ಮೇಲೆಯೇ ಎಂದಾಯಿತು. ಗಾಳಿ ತಿರುಗಿದಾಗ ಕಾರ್ಖಾನೆಗಳ ಕಡೆಯಿಂದ ಕೊಳೆತ ಕೋಸಿನಂಥ ವಾಸನೆ ಬರುತ್ತಿತ್ತು. ಅದೇ ದೊಡ್ಡ ಶತ್ರುವೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಪೇಪರು ತುರುಕಿದ. ಒದ್ದೆ ಬಟ್ಟೆ ಒಳಗೇ ಫ್ಯಾನಿನಡಿ ಒಣಗುತ್ತಿತ್ತು. ಗೋಡೆ ಬೆವರುತ್ತಿತ್ತು. ಕಪಾಟಿನ ಹಿಂದೆ ಕಪ್ಪು ಚುಕ್ಕೆಗಳೆದ್ದವು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ಬೊಂಬಾಯಿ ಮಳೆಯಲ್ಲಿ ಎಲ್ಲರ ಮನೆಯ ಗೋಡೆಯೂ ಹಾಗೆಯೇ.

ಸಿಳ್ಳೆ ನಿಲ್ಲಲಿಲ್ಲ. ಕಾಪುವಿನಿಂದ ದೊಡ್ಡಮ್ಮನ ಫೋನು ಬಂತು, "ಮಗುವನ್ನು ಇಲ್ಲಿಗೆ ಕಳಿಸಿ ಮಾರಾಯ್ರೆ. ಇಲ್ಲಿ ಒಳ್ಳೆ ಗಾಳಿ ಉಂಟು, ಶಾಲೆಯೂ ಉಂಟು." ಅಪ್ಪ, "ಚೌತಿಯವರೆಗೆ ನೋಡುವ. ಕಮ್ಮಿ ಆಗದಿದ್ರೆ ಕರಕೊಂಡು ಬರ್ತೇನೆ," ಎಂದ.

ಅಮ್ಮನನ್ನು ಬಿಟ್ಟು, ಅಪ್ಪನನ್ನು ಬಿಟ್ಟು, ಟ್ರೇನಿನ ಆಟ ಬಿಟ್ಟು ಹೋಗುವುದೆಂದರೇನು? ಕೆಮ್ಮು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಅದು ಕೇಳಿಸದಂತೆ ಮಾಡುವುದು ಇತ್ತು. ಮಲಗಿದ ಮೇಲೆ ಅಜ್ಜಿಯ ದಿಂಬಿಗೆ ಮುಖ ಒತ್ತಿ, ಅದರೊಳಗೆ ಕೆಮ್ಮತೊಡಗಿದೆ. ಆ ಮೆತ್ತನೆಯ ದಿಂಬು ಸದ್ದನ್ನೆಲ್ಲ ನುಂಗಿಕೊಳ್ಳುತ್ತಿತ್ತು. ಕೆಮ್ಮಿದಷ್ಟೂ ಕೆಮ್ಮು ಬರುತ್ತಿತ್ತು, ಬಂದಷ್ಟೂ ನಾನು ಇನ್ನೂ ಒತ್ತಿಕೊಳ್ಳುತ್ತಿದ್ದೆ.

ಅಪ್ಪ ಆಗಷ್ಟೇ ಅಮ್ಮನ ಮಲ್ಲಿಗೆ ನಿಲ್ಲಿಸಿದ್ದ. ಪ್ರತಿ ಶುಕ್ರವಾರ ಊರಿನಿಂದ ಬಸ್ಸಿನಲ್ಲಿ ಬರುವ ಮಲ್ಲಿಗೆಯ ಚೆಂಡನ್ನು ಅಮ್ಮ ಬಾಳೆಲೆ ಬಿಡಿಸಿ ತೆಗೆಯುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು. ಅದು ನಿಂತ ವಾರವೇ ನನ್ನ ಕೆಮ್ಮೂ ಕೇಳಿಸದಾಯಿತು.

"ನೋಡು, ನಾನು ಹೇಳಿದ್ದಲ್ವಾ? ಮಲ್ಲಿಗೆಯೇ!" ಎಂದು ಅಪ್ಪ ಗೆದ್ದವನಂತೆ ಹೇಳಿದ.

ಅಮ್ಮ ಬರಿ ತುರುಬನ್ನು ಮುಟ್ಟಿಕೊಂಡು, "ಮಗುವಿಗಿಂತ ಹೂವು ದೊಡ್ಡದಾ? ಬಿಡಿ," ಎಂದಳು. ನಾನು ದೋಸೆ ತಿನ್ನುತ್ತ ತಲೆ ತಗ್ಗಿಸಿದ್ದೆ. ನನ್ನ ಸುಳ್ಳು ಹೂವಿನ ಮೇಲೆ ಅಪವಾದ ಹೊರಿಸಿತ್ತು. ಹೇಳಿಬಿಡಬೇಕೆನ್ನಿಸಿತು. ಹೇಳಿದರೆ ಕಾಪು.

ಚೌತಿಗೆ ಎಂಟು ದಿನವಿರುವಾಗ ಶಾಲೆಯ ಮೆಟ್ಟಿಲ ಮೇಲೆ ಉಸಿರು ಸಿಕ್ಕಿಹಾಕಿಕೊಂಡಿತು. ಅಪ್ಪ ಏಪ್ರನ್ನಿನಲ್ಲೇ ಓಡಿ ಬಂದ. ಅವನೂ ಅಮ್ಮನೂ ನನ್ನನ್ನು ಕಲ್ಯಾಣದಲ್ಲಿ ಎಲ್ಲರೂ ಡಾಕ್ಟರ್‌ಬಾಯಿ ಎನ್ನುತ್ತಿದ್ದ ವಯಸ್ಸಾದ ಮರಾಠಿ ವೈದ್ಯೆಯ ಬಳಿಗೆ ಕರೆದೊಯ್ದರು. ಮೂಗಿಗೆ ಮಾಸ್ಕ್ ಇಟ್ಟು ಔಷಧದ ಹೊಗೆ ಕೊಟ್ಟ ಮೇಲೆ ಎದೆ ಸ್ವಲ್ಪ ಬಿಟ್ಟಿತು.

"ರಾತ್ರಿ ಕೆಮ್ಮು ಉಂಟಾ?" ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಇಲ್ಲವೇ ಇಲ್ಲ ಡಾಕ್ಟರ್, ಪೂರ್ತಿ ನಿಂತಿದೆ," ಎಂದ ಅಪ್ಪ.

ಅವರು ಸ್ಟೆತಸ್ಕೋಪು ತೆಗೆಯದೆ ನನ್ನನ್ನೇ ನೋಡಿದರು. "ಸಚ್ ಬೋಲ್, ಬೇಟಾ," ನಿಜ ಹೇಳು ಮಗಾ ಎಂದರು.

ನಾನು ಗಳಗಳ ಅತ್ತೆ. ದಿಂಬಿನೊಳಗೆ ಕೆಮ್ಮುತ್ತೇನೆ, ಅಪ್ಪನಿಗೆ ಕೇಳಿಸಬಾರದು, ಕೇಳಿಸಿದರೆ ಊರಿಗೆ ಕಳಿಸುತ್ತಾರೆ ಎಂದು ಒಂದೇ ಉಸಿರಿಗೆ ಹೇಳಲು ಹೋಗಿ ಅದೇ ಉಸಿರು ಸಾಲದೆ ನಿಲ್ಲಿಸಿದೆ. ಅಮ್ಮ ನನ್ನನ್ನು ಎಳೆದು ಅಪ್ಪಿಕೊಂಡಳು. ಅಪ್ಪ ಗೋಡೆ ನೋಡುತ್ತಿದ್ದ.

"ದಿಂಬು ಎಂಥದ್ದು? ಎಷ್ಟು ಹಳೇದು?" ಎಂದರು ಡಾಕ್ಟರ್‌ಬಾಯಿ. ಹಳೇ ದಿಂಬು ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ಮಳೆಗಾಲದ ತೇವದಲ್ಲಿ ಹೆಚ್ಚುತ್ತವೆ, ಅವುಗಳ ಹಿಕ್ಕೆ ಒಣಗಿ ಪುಡಿಯಾಗಿ, ದಿಂಬು ಅಲುಗಿದಾಗ ಗಾಳಿಗೆ ಏಳುತ್ತದೆ, ಅದು ಕೆಲವರ ಶ್ವಾಸನಾಳಕ್ಕೆ ಆಗುವುದಿಲ್ಲ ಎಂದು ವಿವರಿಸಿದರು. ಕಿಟಕಿ ಮುಚ್ಚಿ ತೇವ ಹೆಚ್ಚಿಸಿದ್ದಕ್ಕೂ ಬೈದರು.

ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ. "ಆದರೆ ಅದಕ್ಕೆ ವಾಸನೆಯೇ ಇಲ್ಲವಲ್ಲ?"

"ಇರುವುದಿಲ್ಲ."

"ಹಾಗಾದರೆ ಕಾರ್ಖಾನೆಯದ್ದು? ಅಗರಬತ್ತಿ?"

"ಒಳಗೆ ಬಾತಿರುವ ಎದೆಯನ್ನು ಅವೂ ಕೆರಳಿಸುತ್ತವೆ. ಅದೂ ಇರಬಹುದು, ಇದೂ ಇರಬಹುದು."

ಅಪ್ಪನಿಗೆ ಬೇಕಿದ್ದದ್ದು ಒಂದೇ ಒಂದು ಹೆಸರು. ಅದು ಸಿಗಲಿಲ್ಲ.

ಮನೆಗೆ ಬಂದು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ನಾಲ್ಕೂ ಮೂಲೆ ಮೂಸಿದ. ಮತ್ತೊಮ್ಮೆ ಮೂಸಿದ. "ಇದರಲ್ಲಿ ಎಂತ ಇಲ್ಲ. ಅಮ್ಮನ ತಲೆಎಣ್ಣೆಯ ವಾಸನೆ ಮಾತ್ರ ಇರುದು," ಎಂದ. ಅಪ್ಪ ಅಷ್ಟು ದಿನ ಆ ದಿಂಬನ್ನು ಯಾಕೆ ಆಗಾಗ ಎತ್ತಿಕೊಳ್ಳುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು," ಎಂದಳು ಅಮ್ಮ. ಮರುದಿನ ಅಪ್ಪ ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದ. ಸಂಜೆ ಬಂದು ಖಾಡಿಗೆ ಬಿಟ್ಟೆ ಎಂದ.

ನನ್ನನ್ನು ಕಾಪುವಿಗೆ ಕಳಿಸಲಿಲ್ಲ. ಎದೆ ಮೆಲ್ಲನೆ ಹಗುರಾಯಿತು. ಆದರೆ ಅದೇ ಹೊತ್ತಿಗೆ ಇನ್ಹೇಲರ್ ಶುರುವಾಗಿತ್ತು, ಮಳೆ ಕಡಿಮೆಯಾಗಿತ್ತು, ಕಿಟಕಿಗಳು ತೆರೆದಿದ್ದವು. ದಿಂಬು ಹೋದದ್ದರಿಂದ ಎಷ್ಟು, ಉಳಿದದ್ದರಿಂದ ಎಷ್ಟು? ದೊಡ್ಡವಳಾದ ಮೇಲೆ, ನನಗೆ ಯಾವುದು ಆಗುವುದಿಲ್ಲ ಎಂದು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿದೆ. ನುಸಿಯದನ್ನು ಚುಚ್ಚಿದ ಜಾಗ ಉಬ್ಬಿತು, ಬೂಷ್ಟಿನದನ್ನು ಚುಚ್ಚಿದ ಜಾಗವೂ ಉಬ್ಬಿತು. ಅಲ್ಲಿಗೆ ಕಪಾಟಿನ ಹಿಂದಿನ ಆ ಕಪ್ಪು ಚುಕ್ಕೆಗಳೂ ಪಾಲುದಾರರೇ ಎಂದಾಯಿತು. ನನಗೆ ಈಗಲೂ ಗೊಂದಲ ಹರಿದಿಲ್ಲ. ಅಮ್ಮನಿಗೆ ಮಲ್ಲಿಗೆಯ ತಪ್ಪಿಲ್ಲವೆಂದು ಎಷ್ಟೋ ಸಲ ಹೇಳಿದೆ. "ಅಭ್ಯಾಸ ತಪ್ಪಿಹೋಯ್ತು ಮಗಾ," ಎನ್ನುತ್ತಾಳೆ. ಮತ್ತೆ ಮುಡಿಯಲೇ ಇಲ್ಲ.

ಕಳೆದ ವರ್ಷ ಡೊಂಬಿವ್ಲಿಯ ನಮ್ಮ ಬಿಲ್ಡಿಂಗ್ ಹೊಸದಾಗಿ ಕಟ್ಟಲು ಕೊಟ್ಟರು. ಅಪ್ಪ ಅಮ್ಮನನ್ನು ಐರೋಲಿಯ ನನ್ನ ಮನೆಗೆ ಕರೆತರಲು ಹೋದೆ. ಮಾಳಾದ, ಅಂದರೆ ಅಟ್ಟದ, ಮೇಲಿನ ಸಾಮಾನು ಇಳಿಸುವಾಗ ಹೋಟೆಲಿನ ಒಂದು ದೊಡ್ಡ ಡಬ್ಬಿ ಸಿಕ್ಕಿತು. ಒಳಗೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿದ ಅಜ್ಜಿಯ ದಿಂಬು. ಅಷ್ಟು ವರ್ಷ ನಾನು ಅದರ ಕೆಳಗೇ ಉಸಿರಾಡಿಕೊಂಡು ಬೆಳೆದಿದ್ದೆ.

ಅಪ್ಪ ಸಿಕ್ಕಿಬಿದ್ದ ಹುಡುಗನ ಹಾಗೆ ನೋಡಿದ. "ಬಿಡ್ಲಿಕ್ಕೆ ಕೈ ಬರ್ಲಿಲ್ಲ," ಎಂದ. ಕಟ್ಟು ಬಿಚ್ಚಿ, ದಿಂಬನ್ನು ಮುಖಕ್ಕೆ ಹಿಡಿದುಕೊಂಡ. ಸುಮ್ಮನೆ ಹಿಡಿದುಕೊಂಡೇ ಇದ್ದ. ಕೊರೋನಾ ಜ್ವರ ಬಂದು ಹೋದ ಮೇಲೆ ಅಪ್ಪನ ಮೂಗಿಗೆ ಏನೂ ತಿಳಿಯುವುದಿಲ್ಲ. ಹಾಲು ಹಾಳಾಗಿದೆಯೇ ಎಂದು ಈಗ ಅಮ್ಮನೇ ಮೂಸಿ ಹೇಳಬೇಕು. ಟ್ರೇನಿನಲ್ಲಿ ಕಣ್ಣು ಮುಚ್ಚಿದರೆ ಅವನಿಗೆ ಊರುಗಳಿಲ್ಲ.

"ನೀನು ನೋಡು ಮಗಾ," ಎಂದು ದಿಂಬನ್ನು ನನ್ನತ್ತ ಚಾಚಿದ. ಮರುಕ್ಷಣ ನೆನಪಾಗಿ ಹಿಂದಕ್ಕೆಳೆದುಕೊಂಡ. "ಬೇಡ, ಬೇಡ. ನಿಂಗೆ ಆಗುದಿಲ್ಲ."

ನಾನು ಅವನ ಕೈಯಿಂದ ತೆಗೆದುಕೊಂಡೆ. ಉಸಿರು ಬಿಗಿಹಿಡಿದು, ನಾಲ್ಕನೇ ಕ್ಲಾಸಿನಲ್ಲಿ ಒತ್ತುತ್ತಿದ್ದ ಹಾಗೆಯೇ ಮುಖ ಒತ್ತಿದೆ. ಒಂದು ಗುಟುಕು ಗಾಳಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಉಂಟಾ, ಅಮ್ಮನ ವಾಸನೆ?"

"ಉಂಟಪ್ಪಾ," ಎಂದೆ.