ಬೀಗರ ಬೆಲ್ಲ

ಅವ್ವ ತೀರಿದ ಮೇಲೆ ಮೊದಲ ಸಲ ಜೇವರ್ಗಿಯಿಂದ ಕರಜಗಿಯ ತವರಿಗೆ ಹೋದೆ. ತಮ್ಮನ ಮಗ ಕಿತ್ತಳೆ ಬಣ್ಣದ ಬಾಟಲಿ ಹಿಡಿದು ಕೂತಿದ್ದ. ವಯಸ್ಸಿಗೆ ತೂಕ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದ್ದಾರಂತೆ.

"ಬರೇ ನೀರು ಮುಟ್ಟಂಗಿಲ್ರಿ ಅಕ್ಕಾರ. ಇದು ಹಣ್ಣಿನ ರಸ ಅಲ್ಲೇನ್ರಿ, ಅದಕ್ಕ ಕೊಡ್ತೇನಿ," ಎಂದಳು ತಮ್ಮನ ಹೆಂಡತಿ.

"ಬಣ್ಣ, ಸಕ್ಕರಿ ಅಷ್ಟ ಐತಿ ಅದ್ರಾಗ," ಎಂದೆ.

ನಾವು ಚಿಕ್ಕವರಿದ್ದಾಗ ನೀರಿನ ಜೊತೆ ಬೆಲ್ಲ ಸಿಗುತ್ತಿದ್ದದ್ದು ಮನೆಗೆ ಬಂದ ಬೀಗರಿಗೆ, ನೆಂಟರಿಗೆ ಮಾತ್ರ. ಒಂದು ಮಧ್ಯಾಹ್ನ ಅವ್ವನ ಹಳೆಯ ಸೀರೆ ಸುತ್ತಿಕೊಂಡು ಹೊರಗಿನಿಂದ ಕೂಗಿದೆ: "ಮನ್ಯಾಗ ಅದೀರೇನ್ರಿ?"

ಅವ್ವ ನಗಲಿಲ್ಲ. "ಬರ್ರಿ, ಯಾವೂರ ಬೀಗರ್ರಿ?" ಎಂದು ತಂಬಿಗೆ ತಂದಿಟ್ಟಳು.

"ಬೆಲ್ಲ ಎಲ್ಲೈತ್ರಿ?"

"ನಮ್ಮೂರಾಗ ಮೊದ್ಲ ನೀರು ಕುಡೀಬೇಕ್ರಿ."

ನೀರು ಖಾಲಿಯಾದ ಮೇಲೆ ಉಗುರಿನಷ್ಟು ಬೆಲ್ಲ ಕೊಟ್ಟಳು. ಆ ಬೇಸಿಗೆಯೆಲ್ಲ ನಾನು ಬೀಗರಾಗಿಯೇ ನೀರು ಕುಡಿದೆ.

ಅಷ್ಟರಲ್ಲಿ ತಮ್ಮನ ಹೆಂಡತಿ ನನ್ನ ಮುಂದೆ ನೀರು, ಬೆಲ್ಲ ತಂದಿಟ್ಟಳು. ಆ ಆಟದಲ್ಲಿ ಬಿಟ್ಟರೆ, ಅವ್ವ ಇದ್ದಾಗ ಈ ಮನೆಯಲ್ಲಿ ಯಾರೂ ನನಗೆ ಹೀಗೆ ಬೀಗರಿಗೆ ಇಟ್ಟಂತೆ ಇಟ್ಟಿರಲಿಲ್ಲ. ಬೆಲ್ಲದ ತಟ್ಟೆಯನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಹುಡುಗನನ್ನು ಕರೆದೆ.

"ಹೊರಗ ಹೋಗಿ ಬಾಗಿಲ ಬಡೀಲೇ. ಯಾವೂರ ಬೀಗರು ಅಂತ ಕೇಳ್ತೇನಿ."

ಅವನು ಬಾಟಲಿಯನ್ನು ಅಲ್ಲೇ ಇಟ್ಟು ಎದ್ದ.